ಹಿಮದ ನಾಡಿನ ಹುರಿಹಿಟ್ಟು

ಲೇಹ್ ಪಟ್ಟಣದಿಂದ ಸಿಂಧೂ ನದಿಯ ಗುಂಟ ಹೊರಟವರಿಗೆ ಎತ್ತ ನೋಡಿದರೂ ಬೋಳುಬೆಟ್ಟಗಳು. ಮರವಿಲ್ಲ, ಹುಲ್ಲಿಲ್ಲ, ಬರೀ ಕಲ್ಲು ಮತ್ತು ಮರಳು. ಒಂದು ತಿರುವು ದಾಟಿದೊಡನೆ ಹಸಿರು ಕಂಬಳಿ ಹಾಸಿದಂತೆ ಪುಟ್ಟ ಹಳ್ಳಿ ಎದುರಾಗುತ್ತದೆ. ಮೆಟ್ಟಿಲು ಮೆಟ್ಟಿಲಾದ ಹೊಲಗಳು, ಬದುವಿನಲ್ಲಿ ಪಾಪ್ಲರ್ ಮರಗಳು. ಹೊಲದಲ್ಲಿ ಗಾಳಿಗೆ ತೂಗುವ ಮೀಸೆಯ ತೆನೆ ಬಾರ್ಲಿಯದು. ಕನ್ನಡದಲ್ಲಿ ಇದಕ್ಕೆ ಜವೆಗೋಧಿ ಎಂಬ ಹೆಸರಿದೆ. ಕರ್ನಾಟಕದ ಬಹುತೇಕ ಮನೆಗಳಲ್ಲಿ ಬಾರ್ಲಿ ಎಂದರೆ ಜ್ವರ ಬಂದವರಿಗೆ ಕೊಡುವ ಗಂಜಿ. ಲಡಾಖಿನಲ್ಲಿ ಅದು ನಿತ್ಯದ ಅನ್ನ.

ಲೇಹ್ ಸಮುದ್ರ ಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವರ್ಷವಿಡೀ ಬೀಳುವ ಮಳೆ ಮತ್ತು ಹಿಮವನ್ನು ಕೂಡಿಸಿದರೂ 100 ಮಿಲಿಮೀಟರಿನ ಆಸುಪಾಸು. ನೆಲ ಬೆಚ್ಚಗಿರುವುದು ನಾಲ್ಕೈದು ತಿಂಗಳು ಮಾತ್ರ. ಇಲ್ಲಿ ಭತ್ತದ ಮಾತೇ ಇಲ್ಲ. ತೀರ ಎತ್ತರದ ಹಳ್ಳಿಗಳಲ್ಲಿ ಗೋಧಿಯೂ ಮಾಗುವುದು ಕಷ್ಟ. ಬಾರ್ಲಿಯಾದರೋ ಚಳಿಯನ್ನು ತಾಳಿಕೊಂಡು ಮೊಳೆತು, ಬೇಸಿಗೆ ಮುಗಿಯುವ ಮೊದಲೇ ಕೊಯ್ಲಿಗೆ ಬರುತ್ತದೆ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಮೊದಮೊದಲು ಬೆಳೆದ ಧಾನ್ಯಗಳಲ್ಲಿ ಇದೂ ಒಂದು.

ಲಡಾಖಿಗಳು ಬೆಳೆಯುವುದು ಹೆಚ್ಚಾಗಿ ಸಿಪ್ಪೆ ಅಂಟದ ತಳಿ. ಬಡಿದರೆ ಹೊಟ್ಟು ಬಿಟ್ಟು ಕಾಳು ಉದುರುತ್ತದೆ. ಅದನ್ನು ಬಿಸಿ ಮರಳಿನಲ್ಲಿ ಹುರಿದು, ತೊರೆಯ ನೀರಿನಿಂದ ತಿರುಗುವ ಬೀಸುಕಲ್ಲಿಗೆ ಹಾಕುತ್ತಾರೆ. ಸಿಗುವ ಹಿಟ್ಟಿನ ಹೆಸರು ‘ಙಂಫೆ’. ಕನ್ನಡ ವರ್ಣಮಾಲೆಯಲ್ಲಿ ಮೂಲೆ ಸೇರಿರುವ ಅಕ್ಷರಕ್ಕೆ ಇಲ್ಲಿ ಊಟದಲ್ಲಿ ಮೊದಲ ಸ್ಥಾನ! ಬೆಣ್ಣೆ ಬೆರೆಸಿದ ಉಪ್ಪು ಚಹಾದಲ್ಲಿ ಕಲಸಿ ಉಂಡೆ ಮಾಡಿದರೆ ಊಟ ಸಿದ್ಧ. ರಾಗಿಯ ಹುರಿಹಿಟ್ಟು ತಿಂದವರಿಗೆ ಇದು ಹೊಸದೆನಿಸದು. ಬಟಾಣಿ ಹಿಟ್ಟು ಸೇರಿಸಿ ಬೇಯಿಸಿದ ‘ಪಾಬಾ’ವಂತೂ ಮುದ್ದೆಯ ದಾಯಾದಿಯೇ.

ಈ ಅಡುಗೆಯಲ್ಲಿ ಒಂದು ಜಾಣತನವಿದೆ. ಸೌದೆ ಇಲ್ಲದ ನಾಡಿನಲ್ಲಿ ಒಣ ಸಗಣಿಯೇ ಉರುವಲು. ಒಮ್ಮೆ ಹುರಿದಿಟ್ಟರೆ ಹಿಟ್ಟಿಗೆ ಮತ್ತೆ ಬೇಯಿಸುವ ಗೊಡವೆಯಿಲ್ಲ. ಕುರಿ ಮೇಯಿಸಲು ಹೋಗುವವರು ಚೀಲದಲ್ಲಿ ಕಟ್ಟಿಕೊಂಡು ಹೊರಟರಾಯಿತು. ಬೆಟ್ಟದ ಕಣಿವೆದಾರಿಗಳು ಹಿಮದಿಂದ ಮುಚ್ಚಿಹೋದಾಗ ಕಣಜದಲ್ಲಿನ ಬಾರ್ಲಿಯೇ ಮನೆಯವರ ಧೈರ್ಯ. ಅದರ ಹುಲ್ಲು ದನಕರುಗಳ ಚಳಿಗಾಲದ ಮೇವು.

ಮಳೆಯನ್ನು ನಂಬದ ಈ ಬೇಸಾಯಕ್ಕೆ ಬೆಟ್ಟದ ಮೇಲಿನ ಹಿಮನದಿಯೇ ಕೆರೆ. ಕರಗಿದ ನೀರು ಕಾಲುವೆಗಳಲ್ಲಿ ಇಳಿದು ಬರುತ್ತದೆ. ಯಾರ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳಲು ಊರವರೇ ನೇಮಿಸಿದ ‘ಚುರ್‌ಪೊನ್’ ಇರುತ್ತಾನೆ. ಕರ್ನಾಟಕದ ಕೆರೆಗಳ ನೀರುಗಂಟಿಯ ಕೆಲಸವೇ ಅವನದೂ.

ಆದರೆ ಹಿಮನದಿಗಳು ಹಿಂದೆ ಸರಿಯುತ್ತಿವೆ. ಬಿತ್ತನೆಗೆ ನೀರು ಬೇಕಾಗುವುದು ವಸಂತದಲ್ಲಿ. ಹಿಮನದಿ ಧಾರಾಳವಾಗಿ ಕರಗುವುದು ಬೇಸಿಗೆ ಏರಿದ ಮೇಲೆ. ಈ ಅಂತರವನ್ನು ತುಂಬಲು ಸಿವಿಲ್ ಎಂಜಿನಿಯರ್ ಚೆವಾಂಗ್ ನೋರ್ಫೆಲ್ ಚಳಿಗಾಲದಲ್ಲಿ ವ್ಯರ್ಥವಾಗುವ ತೊರೆಯ ನೀರನ್ನು ಊರಿನ ಮೇಲ್ಭಾಗದ ನೆರಳಿನಲ್ಲಿ ತಡೆದು ಹೆಪ್ಪುಗಟ್ಟಿಸಿದರು. 1987ರಲ್ಲಿ ಶುರುವಾದ ಈ ಕೃತಕ ಹಿಮನದಿಗಳ ಕೆಲಸಕ್ಕಾಗಿ 2015ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸೋನಂ ವಾಂಗ್‌ಚುಕ್ 2013ರ ನಂತರ ನೀರನ್ನು ಕೊಳವೆಯಿಂದ ಮೇಲಕ್ಕೆ ಚಿಮ್ಮಿಸಿ ಗೋಪುರದಂತೆ ಗಟ್ಟಿಸುವ ‘ಹಿಮ ಸ್ತೂಪ’ಗಳನ್ನು ರೂಪಿಸಿದರು.

ಇನ್ನೊಂದು ಬದಲಾವಣೆ ಅಡುಗೆಮನೆಯಲ್ಲೇ ಆಗಿದೆ. ಲಾರಿಗಳಲ್ಲಿ ಬರುವ ಪಡಿತರದ ಅಕ್ಕಿ ಹಸಿವಿನ ಭಯವನ್ನು ತಗ್ಗಿಸಿತು, ನಿಜ. ಜೊತೆಗೆ ಪ್ರವಾಸೋದ್ಯಮ ಮತ್ತು ಸಂಬಳದ ನೌಕರಿಗಳೂ ಬಂದವು. ಯುವಕರು ಪಟ್ಟಣ ಸೇರಿದಂತೆ ಹೊಲದಲ್ಲಿ ವೃದ್ಧರೇ ಉಳಿಯತೊಡಗಿದರು. ಅಕ್ಕಿಗೆ ತೆರೆದಿರುವ ರಸ್ತೆ ಬೇಕು. ಬಾರ್ಲಿಗೆ ಮನೆಯ ಹಿಂದಿನ ಹೊಲ ಸಾಕು. 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟವಾಗಿ ಲೇಹ್ ಸುತ್ತಲಿನ ರಸ್ತೆ, ಸೇತುವೆಗಳು ಕೊಚ್ಚಿಹೋದಾಗ ಈ ವ್ಯತ್ಯಾಸದ ಬೆಲೆ ಎಲ್ಲರಿಗೂ ಕಾಣಿಸಿತು.

ಶಾಲೆಯ ಭೂಪಟದಲ್ಲಿ ಲಡಾಖ್ ಕಂದುಬಣ್ಣದ ಬರಡು ನೆಲ. ಆ ಕಂದಿನ ನಡುವೆ ಅಲ್ಲಲ್ಲಿ ಹಸಿರು ಚುಕ್ಕೆ ಇಡುತ್ತ ಬಂದವರು ಅಲ್ಲಿಯ ರೈತರು. ಚುಕ್ಕೆ ಅಳಿಯದಿರಬೇಕಾದರೆ ವಸಂತದಲ್ಲಿ ನೀರು ಇಳಿಯಬೇಕು, ಬಿತ್ತುವ ಕೈಗಳೂ ಇರಬೇಕು.