ಆರಾಮ ಅದೀನ್ರಿ ಸರ್

ಮಾತ್ರೆ ನುಂಗಿದ ಮೇಲೆ ಬಾಯಿ ತೆರೆಸಿ, ನಾಲಗೆ ಎತ್ತಿಸಿ, ಎರಡೂ ಕೆನ್ನೆಯೊಳಗೆ ಟಾರ್ಚ್ ಹಾಕಿ ನೋಡುತ್ತಾರೆ. ಅಂಗೈ, ಬೆರಳ ಸಂದಿಯನ್ನೂ ಬಿಡುವುದಿಲ್ಲ. ಮಾತ್ರೆಯನ್ನು ದವಡೆಯಲ್ಲಿ ಅಡಗಿಸಿಟ್ಟು ಆಮೇಲೆ ಉಗಿದವರು ಹಿಂದೆ ಇದ್ದಿರಬೇಕು, ಇಲ್ಲದಿದ್ದರೆ ಇಷ್ಟು ಅನುಮಾನ ಹುಟ್ಟುತ್ತಿರಲಿಲ್ಲ. ಬಾಯಿಯೊಳಗಿನದನ್ನು ಹೀಗೆ ತಪಾಸಣೆ ಮಾಡುವವರು ಅದೇ ಬಾಯಿಂದ ಬಂದ ಮಾತನ್ನು ಮಾತ್ರ ಕೇಳಿದ ಹಾಗೇ ಬರೆದುಕೊಳ್ಳುತ್ತಿದ್ದರು. ನಾನು ಹೇಳಬೇಕೆಂದಿರುವುದು ಆ ಮಾತಿನ ಬಗ್ಗೆ.

ಆಗ ಬೆಂಗಳೂರಿನ ವಿಜಯನಗರದ ಒಂದು ಪಿಜಿಯಲ್ಲಿದ್ದೆ. ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೆ. ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು, ಬಾಡಿಗೆಯ ತಾರೀಖು ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಅಪ್ಪನಿಗೆ ಮತ್ತೆ ಫೋನ್ ಮಾಡಿ ದುಡ್ಡು ಕೇಳುವ ಮುಖ ಇರಲಿಲ್ಲ. ಪಕ್ಕದ ಮಂಚದವನು ವಾಟ್ಸಾಪ್ ಮೆಸೇಜೊಂದನ್ನು ತೋರಿಸಿದ: 18ರಿಂದ 45 ವರ್ಷದೊಳಗಿನ ಆರೋಗ್ಯವಂತ ಗಂಡಸರು ಬೇಕಾಗಿದ್ದಾರೆ, ಆಧಾರ್ ತನ್ನಿ, ಊಟ ವಸತಿ ಅವರದೇ. ಹೋಗಿ ಬರುವವರ ಬಾಯಲ್ಲಿ ಇದಕ್ಕೆ ‘ಸ್ಟಡಿ’ ಎಂದು ಹೆಸರು.

ಹೋಗುವ ಮುಂಚೆ ಮೊಬೈಲಿನಲ್ಲಿ ಓದಬಾರದ್ದನ್ನೆಲ್ಲ ಓದಿದೆ. 2006ರ ಮಾರ್ಚಿನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಟಿಜಿಎನ್1412 ಎಂಬ ಹೊಸ ಔಷಧಿಯನ್ನು ಆರು ಗಂಡಸರ ರಕ್ತನಾಳಕ್ಕೆ ಬಿಟ್ಟರು. ಪ್ರಾಣಿಗಳಿಗೆ ಸುರಕ್ಷಿತ ಎಂದು ಕಂಡ ಪ್ರಮಾಣದ ಐನೂರರಲ್ಲಿ ಒಂದು ಪಾಲು ಅದು. ಆದರೂ ಕೆಲವೇ ಗಂಟೆಗಳಲ್ಲಿ ಆರು ಜನರ ಅಂಗಾಂಗಗಳೂ ಕೈಕೊಟ್ಟವು. ಎಲ್ಲರೂ ಬದುಕಿದರು, ಮೊದಲಿನಂತೆ ಅಲ್ಲ. ಫ್ರಾನ್ಸಿನ ರೆನ್ ನಗರದಲ್ಲಿ 2016ರ ಜನವರಿಯಲ್ಲಿ ಇಂಥದೇ ಪ್ರಯೋಗದಲ್ಲಿ ಆರು ಮಂದಿ ಆಸ್ಪತ್ರೆ ಸೇರಿ, ಒಬ್ಬ ಸತ್ತೇಹೋದ.

ನಮ್ಮದು ಹಾಗಲ್ಲ ಎಂದು ಡಾಕ್ಟರು ವಿವರಿಸಿದರು, ಅದು ನಿಜವೂ ಹೌದು. ಡಾಕ್ಸಾಜೋಸಿನ್ ಎಷ್ಟೋ ವರ್ಷಗಳಿಂದ ಚಾಲ್ತಿಯಲ್ಲಿರುವ ಮಾತ್ರೆ. ಬಿಪಿಗೂ ಕೊಡುತ್ತಾರೆ, ವಯಸ್ಸಾದ ಗಂಡಸರ ಪ್ರಾಸ್ಟೇಟ್ ತೊಂದರೆಗೂ ಕೊಡುತ್ತಾರೆ. ಒಂದು ಕಂಪನಿ ಅದರ ಜೆನೆರಿಕ್ ತಯಾರಿಸಿದೆ. ಮೂಲ ಮಾತ್ರೆಯಷ್ಟೇ ಬೇಗ, ಅಷ್ಟೇ ಪ್ರಮಾಣದಲ್ಲಿ ಇದೂ ರಕ್ತಕ್ಕೆ ಸೇರುತ್ತದೆಯೇ ಎಂದು ತೋರಿಸಬೇಕು. ಅದಕ್ಕೆ ಒಂದು ಪಿರಿಯಡ್‌ನಲ್ಲಿ ಒಂದು ಮಾತ್ರೆ, ಮೈಯಿಂದ ಅದು ಪೂರ್ತಿ ಇಳಿದ ಮೇಲೆ ಇನ್ನೊಂದು ಪಿರಿಯಡ್‌ನಲ್ಲಿ ಇನ್ನೊಂದು. ಎರಡರ ಅನುಪಾತ 80ರಿಂದ 125 ಪರ್ಸೆಂಟಿನ ಗಡಿಯೊಳಗೆ ಬಿದ್ದರೆ ಪಾಸು. ನಮ್ಮ ಮೈ ಅಲ್ಲಿ ಅಳತೆಗೋಲು, ಅಷ್ಟೆ.

ಸ್ಕ್ರೀನಿಂಗ್ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ರಕ್ತ, ಮೂತ್ರ, ಇಸಿಜಿ, ಎಕ್ಸ್‌ರೇ, ಎಚ್‌ಐವಿ ಪರೀಕ್ಷೆ. ಕುಡಿದಿದ್ದೀಯಾ ಎಂದು ತಿಳಿಯಲು ಊದಿಸಿದರು. ಸಮ್ಮತಿಪತ್ರ ಕನ್ನಡದಲ್ಲೇ ಇತ್ತು, ಹತ್ತಾರು ಪುಟ. ಹೆಚ್ಚಿನವರು ಸಹಿಯ ಪುಟಕ್ಕೇ ಬೆರಳು ಹಾಕಿ ತಿರುವಿದರು. ನಾನು ಪ್ರಶ್ನೆಪತ್ರಿಕೆ ಓದುವ ಚಾಳಿಯಲ್ಲಿ ಕೊನೆಯವರೆಗೂ ಓದಿದೆ. ನಡುವಿನ ಒಂದು ಪುಟದಲ್ಲಿ ಹೀಗೊಂದು ವಿಷಯವಿತ್ತು: ನಿಮ್ಮಷ್ಟಕ್ಕೆ ನೀವು ಬಿಟ್ಟುಹೋದರೆ ಭಾಗವಹಿಸಿದಷ್ಟಕ್ಕೆ ಹಣ, ಔಷಧಿಯಿಂದ ತೊಂದರೆಯಾಗಿ ಡಾಕ್ಟರೇ ನಿಮ್ಮನ್ನು ಕೈಬಿಟ್ಟರೆ ಪೂರ್ತಿ ಹಣ.

ಚೆಕ್-ಇನ್ ಆದ ರಾತ್ರಿ ಬೇಗ ಊಟ ಹಾಕಿದರು. ಆಮೇಲೆ ಕನಿಷ್ಠ ಹತ್ತು ಗಂಟೆ ಉಪವಾಸ. ಬೆಳಿಗ್ಗೆ ಮುಂಗೈಗೆ ಕ್ಯಾನುಲಾ ಚುಚ್ಚಿ, ಅಂಗಿಯ ಮೇಲೆ ನಂಬರ್ ಹಚ್ಚಿ, 240 ಮಿಲಿ ನೀರಿನ ಜೊತೆ ಮಾತ್ರೆ ನುಂಗಿಸಿದರು. ನುಂಗಿದ ಮೇಲೂ ನಾಲ್ಕು ಗಂಟೆ ಅನ್ನವಿಲ್ಲ. ಬಿಪಿ ಇಳಿಯಬಹುದೆಂದು ಏಳುವಂತೆಯೂ ಇಲ್ಲ. ಕೆಲವು ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ ರಕ್ತ, ಸಲಕ್ಕೆ ಸುಮಾರು 5 ಮಿಲಿ. ಎರಡೂ ಪಿರಿಯಡ್ ಸೇರಿಸಿದರೂ ರಕ್ತದಾನದ ಒಂದು ಚೀಲದಷ್ಟಾಗುವುದಿಲ್ಲ ಎಂದು ಸಿಸ್ಟರ್ ಸಮಾಧಾನ ಹೇಳಿದರು. ಲೆಕ್ಕ ಸರಿಯೇ. ಆದರೆ ರಕ್ತದಾನದಲ್ಲಿ ಸೂಜಿ ಒಂದೇ ಸಲ ಒಳಗೆ ಹೋಗುತ್ತದೆ. ನನ್ನ ಕ್ಯಾನುಲಾ ಬೆಳಿಗ್ಗೆಯೇ ಹೆಪ್ಪುಗಟ್ಟಿ ಕೂತಿತು. ಅಲ್ಲಿಂದ ಪ್ರತಿ ಸಲವೂ ಹೊಸ ಚುಚ್ಚು, ಒಮ್ಮೆ ಈ ಕೈ, ಒಮ್ಮೆ ಆ ಕೈ. ನರ ಸಿಗದಿದ್ದಾಗ ಸೂಜಿಯನ್ನು ಒಳಗೇ ಅತ್ತಿತ್ತ ತಿರುವಿ ಹುಡುಕುವುದಿದೆಯಲ್ಲ, ಅದಕ್ಕಿಂತ ಹಸಿವೇ ವಾಸಿ. ಗೋಡೆಯ ಗಡಿಯಾರವೇ ಅಲ್ಲಿ ಯಜಮಾನ: ಒಂದೆರಡು ನಿಮಿಷ ತಡವಾದರೂ ಅದನ್ನೊಂದು ಲೋಪವೆಂದು ದಾಖಲಿಸಬೇಕು, ಹಾಗಾಗಿ ಚುಚ್ಚುವವರಿಗೂ ಬೆವರು.

ಪಕ್ಕದ ಬೆಡ್ಡಿನಲ್ಲಿ ರಾಯಚೂರು ಕಡೆಯ ಹುಡುಗ. ಕಟ್ಟಡದ ಕೆಲಸಕ್ಕೆಂದು ಬಂದವನು. ನನ್ನ ಮುಖ ನೋಡಿ, ‘ಹೆದರಬ್ಯಾಡ್ರಿ ಅಣ್ಣಾ, ಕೈ ಸಡ್ಲ ಬಿಡ್ರಿ’ ಎಂದ. ಅವನ ಮೊಣಕೈ ಮಡಿಕೆಯಲ್ಲಿ ಹಳೆಯ ಚುಚ್ಚಿನ ಗುರುತುಗಳಿದ್ದವು. ಒಂದು ಸ್ಟಡಿ ಆದ ಮೇಲೆ ಇನ್ನೊಂದಕ್ಕೆ ತಿಂಗಳುಗಟ್ಟಲೆ ಬಿಡುವು ಕೊಡಬೇಕು, ಬೆರಳಚ್ಚು ತೆಗೆದುಕೊಳ್ಳುವುದೂ ಅದಕ್ಕೇ. ಹೈದರಾಬಾದಿನಲ್ಲಿ ಮಾಡಿದ್ದು ಇಲ್ಲಿ ಗೊತ್ತಾಗುವುದಿಲ್ಲ ಎಂಬುದು ಅವನ ಲೆಕ್ಕ. ಹೋದ ಸಲದ ಮಾತ್ರೆ ಇವನ ರಕ್ತದಲ್ಲಿ ಇನ್ನೂ ಉಳಿದಿದ್ದರೆ? ಕೇಳಲಿಲ್ಲ. ತಂಗಿಯ ಮದುವೆಗೆ ಮಾಡಿದ ಸಾಲದ ವಿಷಯ ಅವನೇ ಹೇಳಿಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಅವನು ಹಣೆ ಒತ್ತಿಕೊಂಡು ಗೋಡೆಯ ಕಡೆ ಹೊರಳಿದ. ತಲೆ ಸಿಡಿಯುತ್ತಿದೆ, ಎದೆ ಢವಢವ ಅನ್ನುತ್ತಿದೆ ಎಂದ. ಅಷ್ಟರಲ್ಲಿ ಡಾಕ್ಟರು ಫೈಲ್ ಹಿಡಿದು ಬಂದರು. ‘ಹೇಗಿದೆ? ತಲೆನೋವು, ಸುಸ್ತು, ಏನಾದರೂ?’ ಹುಡುಗ ಎದ್ದು ಕೂತು ನಕ್ಕ. ‘ಏನಿಲ್ರಿ. ಆರಾಮ ಅದೀನ್ರಿ ಸರ್.’ ಡಾಕ್ಟರು ಹಾಗೆಯೇ ಬರೆದುಕೊಂಡು ಮುಂದಿನ ಬೆಡ್ಡಿಗೆ ಹೋದರು. ಅಲ್ಲಿಯೂ ಅದೇ ಪ್ರಶ್ನೆ, ಅದೇ ಉತ್ತರ. ಇಡೀ ವಾರ್ಡು ಆರಾಮ. ಬಾಯಿಬಿಟ್ಟರೆ ಹೊರಗೆ ಹಾಕುತ್ತಾರೆ, ಹಾಕಿದರೆ ಅರ್ಧ ದುಡ್ಡು, ಮುಂದಿನ ಸಲ ಕರೆಯುವುದೂ ಇಲ್ಲ ಎಂದು ಎಲ್ಲರೂ ನಂಬಿದ್ದರು. ಆ ಪುಟದಲ್ಲಿದ್ದದ್ದನ್ನು ಹುಡುಗನಿಗೆ ಹೇಳಿದೆ. ‘ಬರದಿರ್ತಾರ ಬಿಡ್ರಿ’ ಎಂದ.

ನಾನೇನು ಹೇಳುತ್ತಿದ್ದೆನೋ. ಹೇಳುವ ಪ್ರಸಂಗವೇ ಬರಲಿಲ್ಲ. ಊಟವಾದ ಮೇಲೆ ಅಟೆಂಡರ್ ಜೊತೆಗೇ ಶೌಚಾಲಯಕ್ಕೆಂದು ಎದ್ದೆ. ನಾಲ್ಕು ಹೆಜ್ಜೆ ಇಟ್ಟಿರಬಹುದು, ಕಿವಿಯಲ್ಲಿ ಗುಂಯ್ ಎಂದಿತು, ಕಣ್ಣ ಅಂಚಿನಿಂದ ಕತ್ತಲು ಒಳಗೆ ಬಂತು. ಎಚ್ಚರವಾದಾಗ ನೆಲದ ಮೇಲಿದ್ದೆ, ಕಾಲನ್ನು ಯಾರೋ ಎತ್ತಿ ಹಿಡಿದಿದ್ದರು. ಗಲ್ಲ ಬಾಗಿಲಿಗೆ ತಾಗಿ ಒಡೆದಿತ್ತು. ಬಿಪಿ 80ಕ್ಕೆ 50 ಎಂದು ಯಾರೋ ಕೂಗಿದ್ದು ಕೇಳಿಸಿತು. ವಾಂತಿ, ಚಳಿ. ಮೈ ನನ್ನದಲ್ಲ ಎನ್ನುವ ಹಾಗೆ ತಣ್ಣಗಾಗಿತ್ತು. ಮೊದಲ ಡೋಸಿಗೆ ಎದ್ದು ನಿಂತರೆ ಬಿಪಿ ಕುಸಿಯುವುದು ಈ ಮಾತ್ರೆಯ ಪ್ರಸಿದ್ಧ ಗುಣ, ಫಾರ್ಮಿನಲ್ಲೂ ಇತ್ತು. ಬಿಪಿ ಇರುವವನಿಗೆ ಇಳಿಯಬೇಕಾದ ರಕ್ತದೊತ್ತಡ ಇಲ್ಲದವನಲ್ಲೂ ಇಳಿಯುತ್ತದೆ, ಅದಕ್ಕೆ ರೋಗಿ ಯಾರೆಂಬ ವಿವೇಕವಿಲ್ಲ. ಕಾಲು ಎತ್ತಿ ಹಿಡಿದಿದ್ದಾಗಲೇ ರಕ್ತ ತೆಗೆಯುವ ಹೊತ್ತಾಯಿತು. ತೆಗೆದುಕೊಂಡರು.

ರಾತ್ರಿಯೆಲ್ಲ ಮಾನಿಟರ್ ಹಾಕಿ ಮಲಗಿಸಿದರು. ಗಲ್ಲಕ್ಕೆ ಹೊಲಿಗೆ ಬಿತ್ತು, ಖರ್ಚು ಅವರದೇ. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರವೂ ಅದು ಅವರದೇ ಆಗಬೇಕು. ಎರಡನೇ ಪಿರಿಯಡ್‌ಗೆ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಆಮೇಲೂ ವಾರಗಟ್ಟಲೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿದೇ ಏಳುತ್ತಿದ್ದೆ. ಔಷಧಿ ಮೈಯಲ್ಲಿ ಉಳಿದಿರಲಿಲ್ಲ, ಭಯ ಉಳಿದಿತ್ತು.

ಆ ಮಾತ್ರೆ ಪಾಸಾಯಿತೋ ಇಲ್ಲವೋ ನಮಗೆ ಯಾರೂ ತಿಳಿಸಲಿಲ್ಲ. ಈಗ ಯಾವುದೇ ಔಷಧಿಯ ಡಬ್ಬಿಯಲ್ಲಿ ಮಡಚಿಟ್ಟ ಕಾಗದ ಸಿಕ್ಕರೆ ಅಡ್ಡಪರಿಣಾಮಗಳ ಪಟ್ಟಿಯನ್ನು ಅನುಮಾನದಿಂದಲೇ ಓದುತ್ತೇನೆ. ನಮ್ಮ ವಾರ್ಡಿನ ವರದಿಯಲ್ಲಿ ‘ತಲೆ ಸುತ್ತಿ ಬಿದ್ದವರು: ಒಬ್ಬ’ ಎಂದು ನಾನಿರುತ್ತೇನೆ. ತಲೆನೋವಿನ ಕಾಲಂನಲ್ಲಿ ಆ ಹುಡುಗನಿರುವುದಿಲ್ಲ.

ಹಣ ಬ್ಯಾಂಕಿಗೆ ಬಂತು, ಪೂರ್ತಿ ಬಂತು. ಹುಡುಗನಿಗೆ ಫೋನ್ ಮಾಡಿ ಹೇಳಿದೆ: ನೋಡಪ್ಪ, ಫಾರ್ಮಿನಲ್ಲಿದ್ದದ್ದು ಸುಳ್ಳಲ್ಲ, ಮುಂದಿನ ಸಲ ತಲೆನೋವು ಬಂದರೆ ಹೇಳಿಬಿಡು. ಅವನು ಎರಡನೇ ಪಿರಿಯಡ್ ಮುಗಿಸಿ ಊರಿನ ಬಸ್ಸಿನಲ್ಲಿದ್ದ.

‘ನೀವು ಬಿದ್ರಿ, ಅದಕ್ಕ ಕೊಟ್ರು’ ಎಂದ. ‘ತಲಿನೋವಿಗೆ ಯಾರರ ಪೂರ್ತಿ ರೊಕ್ಕ ಕೊಡ್ತಾರೇನಣ್ಣಾ?’