ಕ್ಯೋತೋ ನಗರದಲ್ಲಿ ಮೊಸರಿಲ್ಲದ ಒಂದು ತಿಂಗಳು

ಕಳೆದ ಬೇಸಗೆಯ ರಜೆಯಲ್ಲಿ ನಾನು ಜಪಾನಿಗೆ ಹೊರಟಾಗ ನನ್ನ ಪೆಟ್ಟಿಗೆಯನ್ನು ಕಟ್ಟಿದವರು ನಮ್ಮ ತಾಯಿಯವರು. ಹುರಿಗಡಲೆ, ಚಟ್ನಿಪುಡಿ, ರಾಗಿಯ ಹುರಿಹಿಟ್ಟು, ಕಡಲೆಕಾಯಿ ಉಂಡೆ, ಇವೆಲ್ಲವನ್ನೂ ತುಂಬಿ, ಮುಚ್ಚಳವನ್ನು ಮೊಣಕಾಲಿನಿಂದ ಅದುಮಿ ಮುಚ್ಚಿದ ಮೇಲೆ, ಅವರು ನನ್ನನ್ನು ಕೈಹಿಡಿದು ಕರೆದೊಯ್ದು ನೆರೆಮನೆಯ ವೈದ್ಯರ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು 61 ಕಿಲೋಗ್ರಾಮಿನ ಬಳಿ ನಿಂತಿತು.

"ನೋಡಪ್ಪ, ಒಂದು ತಿಂಗಳಾದ ಮೇಲೆ ಬರ್ತೀಯಲ್ಲ, ಆವತ್ತೂ ಇದರ ಮೇಲೆ ನಿಲ್ಲಬೇಕು. ಅರವತ್ತಕ್ಕಿಂತ ಕಮ್ಮಿ ಬಂತೋ, ಮಾರನೆಯ ದಿನದಿಂದ ನಾನು ಬಡಿಸಿದ ಮೊಸರನ್ನು ಮಾತಾಡದೆ ಉಣ್ಣಬೇಕು. ಒಪ್ಪಿಗೆಯೋ?"

ಒಪ್ಪದೆ ವಿಮಾನವನ್ನು ಹತ್ತುವ ಉಪಾಯವಿರಲಿಲ್ಲ, ಒಪ್ಪಿದೆ.

ಓದುಗರಿಗೆ ಈ ಒಪ್ಪಂದದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ತಿಳಿಸಬೇಕು. ಮೂರು ವರ್ಷಗಳ ಹಿಂದೆ ತಾಯಿಯವರ ತವರೂರಿನಲ್ಲಿ, ಈದು ನಾಲ್ಕು ದಿನವಾಗಿದ್ದ ಹಸುವಿನ ಹೋರಿಗರುವೊಂದನ್ನು ಸಾಗಣೆಯ ಗಾಡಿಗೆ ಏರಿಸುವುದನ್ನು ನಾನು ಕಂಡೆ. ಹಸು ಆ ರಾತ್ರಿಯೆಲ್ಲ ಕೂಗಿತು. ಬೆಳಗ್ಗೆ ಅದರ ಹಾಲಿನ ಕಾಫಿ ನನ್ನ ಮುಂದೆ ಬಂದಾಗ ಕುಡಿಯಲಾಗಲಿಲ್ಲ. ಅಂದಿನಿಂದ ಇಂದಿನವರೆಗೂ ಕುಡಿದಿಲ್ಲ. ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನೂ ಬಿಟ್ಟ ಸಸ್ಯಾಹಾರಕ್ಕೆ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು 1944ರಲ್ಲಿ 'ವೀಗನ್' ಎಂಬ ಹೆಸರನ್ನಿತ್ತರು. ನಮ್ಮ ತಾಯಿಯವರು ಇಟ್ಟ ಹೆಸರು 'ಹಟ'.

ಹಟವೆಂದು ಅವರು ಹೇಳಿದ್ದರಲ್ಲಿ ಸ್ವಲ್ಪ ನಿಜವೂ ಇತ್ತು. ಮೊದಲ ವರ್ಷ ನಾನು ಎಲೆಯಿಂದ ಮೊಸರನ್ನು ತೆಗೆದೆನೇ ಹೊರತು ಅದರ ಸ್ಥಾನದಲ್ಲಿ ಏನನ್ನೂ ಇಡಲಿಲ್ಲ. ಅನ್ನ, ತಿಳಿಸಾರು, ಹಪ್ಪಳ, ಪುನಃ ಅನ್ನ. ತರಗತಿಯಲ್ಲಿ ಹಳಗನ್ನಡದ ಒಂದು ಪದ್ಯವನ್ನು ವಿವರಿಸಿ ಮುಗಿಸುವಷ್ಟರಲ್ಲಿ ಕುರ್ಚಿ ಬೇಕೆನಿಸುತ್ತಿತ್ತು. ವೈದ್ಯರು ರಕ್ತವನ್ನು ಪರೀಕ್ಷಿಸಿ, ಬಿ12 ಎಂಬ ಜೀವಸತ್ತ್ವವು ತಳ ಕಂಡಿದೆಯೆಂದೂ, ಅದು ಗಿಡಮರಗಳಿಂದ ದೊರೆಯತಕ್ಕದ್ದಲ್ಲವೆಂದೂ, ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮಾತ್ರೆಯನ್ನು ತಪ್ಪದೆ ನುಂಗಬೇಕೆಂದೂ ಹೇಳಿದರು. ಮೊದಲು ಕೊಂಡ ಗುಳಿಗೆಯ ಹೊರಕವಚವು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್ ಆಗಿತ್ತೆಂಬುದು ತಿಳಿದದ್ದು ಡಬ್ಬಿ ಮುಗಿದ ಮೇಲೆ. ಪ್ರೋಟೀನಿನ, ಅಂದರೆ ನಮ್ಮ ಹಳೆಯ ಪಠ್ಯಪುಸ್ತಕಗಳ ಸಸಾರಜನಕದ ಲೆಕ್ಕವನ್ನೂ ಅವರೇ ಕಲಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕನಿಗೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಬೇಕು. ನನ್ನ 61 ಕಿಲೋಗೆ ಸುಮಾರು 51 ಗ್ರಾಂ ಆಯಿತು. ಊರಿನಲ್ಲಿ ಹುರುಳಿ, ಅವರೆ, ಅಲಸಂದೆ, ಕಡಲೆಕಾಯಿಗಳಿಂದ ಅದನ್ನು ಹೇಗೋ ಹೊಂದಿಸಿಕೊಂಡಿದ್ದೆ. ಪರದೇಶದಲ್ಲಿ?

ಕ್ಯೋತೋದಲ್ಲಿ ನನಗೆ ಆಶ್ರಯವಿತ್ತವನು ಬಾಲ್ಯದ ಗೆಳೆಯ. ಅಲ್ಲಿನ ಪ್ರಯೋಗಶಾಲೆಯೊಂದರಲ್ಲಿ ಸಂಶೋಧಕ. ಅವನಿಗೆ ಊಟವೆಂಬುದು ಒಂದು ಪ್ರಯೋಗಕ್ಕೂ ಇನ್ನೊಂದಕ್ಕೂ ನಡುವೆ ಬರುವ ಅಡಚಣೆ. ಏನನ್ನು ತಿಂದೆನೆಂಬುದೂ ಅವನ ಗಮನದಲ್ಲಿರುವುದಿಲ್ಲ. ಮನೆ ನಗರದ ಉತ್ತರ ಭಾಗದಲ್ಲಿ, ದೈತೋಕುಜಿ ಎಂಬ ದೊಡ್ಡ ಝೆನ್ ದೇವಾಲಯದ ಸಮೀಪದಲ್ಲಿತ್ತು. ಕೆಳಗಿನ ಮನೆಯಲ್ಲಿ ಮನೆಯೊಡತಿ, ಎಪ್ಪತ್ತು ದಾಟಿದ ನಿವೃತ್ತ ಶಾಲಾ ಉಪಾಧ್ಯಾಯಿನಿ. ಅವರಿಗೆ ಇಂಗ್ಲಿಷು ಅಲ್ಪಸ್ವಲ್ಪ. ನನಗೆ ಜಪಾನಿ ಭಾಷೆ ಅದಕ್ಕಿಂತಲೂ ಅಲ್ಪ.

ಊರನ್ನು ಮೆಚ್ಚದಿರುವುದು ಸಾಧ್ಯವಿಲ್ಲ. ಕ್ರಿ.ಶ. 794ರಿಂದ ಸಾವಿರ ವರ್ಷಕ್ಕೂ ಮಿಗಿಲಾಗಿ ಚಕ್ರವರ್ತಿಗಳ ರಾಜಧಾನಿಯಾಗಿದ್ದ ನಗರವದು. ಮೂರು ಕಡೆ ಬೆಟ್ಟಗಳು. ನಡುವೆ ಕಾಮೋ ನದಿ, ಮೊಣಕಾಲುದ್ದ ನೀರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುವ ಮಕ್ಕಳು, ದಂಡೆಯಲ್ಲಿ ಬೆಳ್ಳಕ್ಕಿಗಳು. ಚೆರ್ರಿ ಹೂಗಳ ಸಂಭ್ರಮ ಮುಗಿದು ಮೇಪಲ್ ಮರಗಳು ಎಳೆಹಸಿರನ್ನು ಉಟ್ಟು ನಿಂತಿದ್ದ ಸಮಯ.

ಮೊದಲ ವಾರ ನಾನು ಬಹಳ ಹೆಮ್ಮೆಯಿಂದಿದ್ದೆ. ಬಂದ ಮರುದಿನವೇ 'ನತ್ತೋ' ಎಂಬ ಪದಾರ್ಥವನ್ನು ಕಂಡುಹಿಡಿದಿದ್ದೆನಷ್ಟೆ. ಬೇಯಿಸಿದ ಸೋಯಾ ಅವರೆಯನ್ನು ಹುಳಿಯೆಬ್ಬಿಸಿ, ಅಂಗೈಯಗಲದ ಪೆಟ್ಟಿಗೆಗಳಲ್ಲಿ ಮಾರುತ್ತಾರೆ. ಕಲಸಿದರೆ ಬೆಂಡೆಕಾಯಿಯ ಲೋಳೆ ನಾಚುವಷ್ಟು ಎಳೆ ಬರುತ್ತದೆ; ವಾಸನೆಯ ವಿಚಾರವನ್ನು ಬರೆಯದಿರುವುದೇ ಲೇಸು. ಆದರೆ ಒಂದು ಪೆಟ್ಟಿಗೆಯಲ್ಲಿ ಏಳು ಗ್ರಾಮಿನಷ್ಟು ಸಸಾರಜನಕ! ಜೊತೆಗೆ ಸಾಸಿವೆಯ ಒಂದು ಪೊಟ್ಟಣ, ಕಂದು ಬಣ್ಣದ ಗೊಜ್ಜಿನ ಒಂದು ಪೊಟ್ಟಣ. ಆ ಗೊಜ್ಜನ್ನು ಸುರಿದುಕೊಂಡರೆ ವಾಸನೆ ಅಡಗಿ, ಬಿಸಿ ಅನ್ನದೊಡನೆ ಸೊಗಸಾಗಿಯೇ ಇರುತ್ತಿತ್ತು. ಮಧ್ಯಾಹ್ನ ಯಾವುದಾದರೂ ಉಪಾಹಾರಗೃಹದಲ್ಲಿ, "ಮಾಂಸವಿಲ್ಲ, ಮೀನಿಲ್ಲ" ಎಂದು ಗೆಳೆಯನು ಬರೆದುಕೊಟ್ಟಿದ್ದ ಚೀಟಿಯನ್ನು ತೋರಿಸಿ, ತರಕಾರಿಯ ಶ್ಯಾವಿಗೆ ಸಾರು ಉಣ್ಣುತ್ತಿದ್ದೆ. ನಮ್ಮ ತಿಳಿಸಾರಿಗೂ ಇಲ್ಲದ ಒಂದು ಗಾಢವಾದ ರುಚಿ ಅದಕ್ಕಿತ್ತು. ತಾಯಿಯವರಿಗೆ ಫೋನಿನಲ್ಲಿ, "ಇಲ್ಲಿ ಏನೂ ತೊಂದರೆಯಿಲ್ಲಮ್ಮ" ಎಂದು ದಿನವೂ ವರದಿ ಮಾಡುತ್ತಿದ್ದೆ.

ಹತ್ತನೆಯ ದಿನ ಬೆಳಗ್ಗೆ ಮನೆಯೊಡತಿಯವರು ಹೂವಿನ ಕುಂಡವೊಂದನ್ನು ಕೊಡಲು ಮಹಡಿಗೆ ಬಂದರು. ನಾನು ನತ್ತೋ ಕಲಸುತ್ತಿದ್ದೆ. ನನ್ನ ಆಹಾರನಿಯಮ ಅವರಿಗೆ ತಿಳಿದಿತ್ತು. ಮೇಜಿನ ಮೇಲಿದ್ದ ಖಾಲಿ ಪೊಟ್ಟಣವನ್ನು ಎತ್ತಿ, ಕನ್ನಡಕವನ್ನು ಹಣೆಗೇರಿಸಿ ಓದಿ, ಒಂದು ಕ್ಷಣ ಸುಮ್ಮನಿದ್ದು, "ಕಾತ್ಸುಓ" ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಅಂಗೈಯನ್ನು ನೀರಿನಲ್ಲಿ ಈಜುವಂತೆ ಆಡಿಸಿ ತೋರಿಸಿದರು.

ಕಾತ್ಸುಓ ಎಂಬುದು ಟ್ಯೂನಾ ಜಾತಿಯ ಒಂದು ಮೀನು. ಅದನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಉತ್ತಮ ದರ್ಜೆಯದಕ್ಕೆ ತಿಂಗಳುಗಟ್ಟಲೆ ಬೂಷ್ಟು ಹಿಡಿಸಿ, ಕಡೆಗೆ ಮರದ ತುಂಡಿನಂತೆ ಗಟ್ಟಿಯಾದದ್ದನ್ನು ಬಡಗಿಯ ಉಜ್ಜುಗೊರಡಿನಂಥ ಉಪಕರಣದಿಂದ ಹೆರೆಯುತ್ತಾರೆ. ಆ ಹೆರೆತವನ್ನು ಬಿಸಿನೀರಿನಲ್ಲಿ ಹಾಕಿ ಸೋಸಿದರೆ ಬರುವ ಕಟ್ಟೇ 'ದಾಶಿ'. ಜಪಾನಿನ ಅಡಿಗೆಯೆಲ್ಲ ನಿಂತಿರುವುದು ಈ ಕಟ್ಟಿನ ಮೇಲೆ. ನನ್ನ ಒಂಬತ್ತು ಬೆಳಗಿನ ಗೊಜ್ಜಿನಲ್ಲಿ ಅದರ ಸಾರವಿತ್ತು. ಶ್ಯಾವಿಗೆ ಸಾರಿನ 'ಗಾಢವಾದ ರುಚಿ'ಯೂ ಅದೇ ಆಗಿತ್ತು.

ಆ ವೃದ್ಧೆ ತಾವೇ ನನಗೆ ಮೋಸ ಮಾಡಿದವರಂತೆ ಎರಡು ಸಲ ತಲೆಬಾಗಿ ಕ್ಷಮೆ ಕೇಳಿದರು. ಅದು ನನಗೆ ಇನ್ನಷ್ಟು ಸಂಕಟವನ್ನುಂಟುಮಾಡಿತು. ಗೆಳೆಯ ಮಾತ್ರ, "ತಿಳಿಯದೆ ತಿಂದದ್ದು ಲೆಕ್ಕಕ್ಕಿಲ್ಲ ಬಿಡೋ" ಎಂದು ನಕ್ಕು ಪ್ರಯೋಗಶಾಲೆಗೆ ಹೋದ. ನಾನು ಅಂದು ಸಂಜೆಯವರೆಗೆ ಕಾಮೋ ನದಿಯ ದಂಡೆಯಲ್ಲಿ ಅಲೆದೆ. ಹಸಿವೆಯೂ ಆಗಲಿಲ್ಲ. ನನ್ನ ಕೋಪ ಆ ಪೊಟ್ಟಣದ ಮೇಲೋ, ಚೀಟಿ ಓದಿ "ಹೌದು ಹೌದು, ಮೀನಿಲ್ಲ" ಎಂದ ಅಂಗಡಿಯವರ ಮೇಲೋ, ಓದಲು ಬಾರದ ನನ್ನ ಮೇಲೋ ಎಂಬುದೇ ಸ್ಪಷ್ಟವಾಗಲಿಲ್ಲ.

ಅಂಗಡಿಯವರು ಸುಳ್ಳು ಹೇಳಿರಲಿಲ್ಲವೆಂಬುದು ನಿಧಾನವಾಗಿ ಹೊಳೆಯಿತು. ಮೀನೆಂದರೆ ಅವರಿಗೆ ತಟ್ಟೆಯಲ್ಲಿ ಕಾಣಿಸುವ ಮೀನು. ದಾಶಿ ಎಂದರೆ ನೀರು, ಉಪ್ಪು ಇದ್ದಂತೆ. ಬೆಂಗಳೂರಿನ ಹೋಟೆಲಿನಲ್ಲಿ "ಖಾರಾಭಾತಿಗೆ ಹಾಲಿನ ಪದಾರ್ಥವೇನಾದರೂ ಹಾಕಿದ್ದೀರಾ?" ಎಂದು ಕೇಳಿ ನೋಡಿ. "ಇಲ್ಲ ಸ್ವಾಮಿ, ಹಾಲ್ಯಾಕೆ ಹಾಕ್ತೀವಿ?" ಎನ್ನುತ್ತಾರೆ. ಮೇಲೆ ಮಿನುಗುವ ತುಪ್ಪ ಅವರ ಲೆಕ್ಕದಲ್ಲಿ ಹಾಲಿನ ಪದಾರ್ಥವೇ ಅಲ್ಲ. ರವೆ ಇಡ್ಲಿಯ ಮೊಸರೂ ಹಾಗೆಯೇ. ಕ್ಯೋತೋದಿಂದ ಒಬ್ಬ ವೀಗನ್ ಸನ್ಯಾಸಿ ಮೈಸೂರಿಗೆ ಬಂದರೆ ಅವನ ಪಾಡೂ ನನ್ನದೇ ಆದೀತು.

ಮರುದಿನ ಮನೆಯೊಡತಿಯವರು ನನಗೆ ಅಕ್ಷರಾಭ್ಯಾಸವನ್ನು ಆರಂಭಿಸಿದರು. ಕನ್ನಡ ಎಂ.ಎ. ಪದವೀಧರನು ಮರಳಿ ಒಂದನೆಯ ತರಗತಿಗೆ ಸೇರಿದಂತಾಯಿತು. ಮೊದಲ ಪಾಠ 'ಕಾತ್ಸುಓ' ಎಂಬ ಮೂರಕ್ಷರ. ಬಳಿಕ ಮೀನಿನ ಚಿತ್ರಾಕ್ಷರ: ಕೆಳಗಡೆ ನಾಲ್ಕು ಚುಕ್ಕೆಗಳು, ನೀರು ತೊಟ್ಟಿಕ್ಕುತ್ತಿರುವಂತೆ. ಅನಂತರ ಹಾಲು, ಮೊಟ್ಟೆ. ಇವೆರಡನ್ನೂ ಕೆಲವರ ದೇಹಕ್ಕೆ ಒಗ್ಗದ ಪದಾರ್ಥಗಳೆಂದು ಅಲ್ಲಿನ ಕಾನೂನಿನ ಪ್ರಕಾರ ಪೊಟ್ಟಣಗಳ ಮೇಲೆ ತಪ್ಪದೆ ಕಾಣಿಸಬೇಕಾದ್ದರಿಂದ ಹುಡುಕುವುದು ಸುಲಭ. ಕಾತ್ಸುಓ ಮೀನು ಆ ಎಚ್ಚರಿಕೆಯ ಪಟ್ಟಿಯಲ್ಲೇ ಇಲ್ಲ. ಸಾಮಗ್ರಿಗಳ ಸಣ್ಣಕ್ಷರದ ಸಾಲಿನಲ್ಲಿ ಅದನ್ನು ಹೆಕ್ಕಬೇಕು. ಹಾಲಿನ ಅಕ್ಷರವೂ ಬಲು ತುಂಟ. ಸೋಯಾ ಹಾಲಿನ ಹೆಸರಿನಲ್ಲಿಯೂ ಅದು ಕುಳಿತಿರುತ್ತದೆ. ಎಣ್ಣೆ, ನೀರು ಬೆರೆಯಲೆಂದು ಸೇರಿಸುವ ದ್ರವ್ಯದ ಹೆಸರಿನಲ್ಲಿಯೂ ಇರುತ್ತದೆ. ಎರಡರಲ್ಲೂ ಹಸುವಿನ ಹಾಲು ಇರಬೇಕಾದ್ದಿಲ್ಲ. ಆದರೆ ಎರಡನೆಯದು ಸೋಯಾದಿಂದ ಬಂದದ್ದೋ, ಪ್ರಾಣಿಯ ಕೊಬ್ಬಿನಿಂದ ಬಂದದ್ದೋ ಎಂಬುದನ್ನು ಅಕ್ಷರ ಹೇಳುವುದಿಲ್ಲ. ಕೆಂಪು ಬಣ್ಣದ ಮಿಠಾಯಿಯ ಮೇಲೆ 'ಕೊಚಿನೀರು' ಎಂದಿದ್ದರೆ ಅದು ಒಣಗಿಸಿದ ಕೀಟಗಳ ಬಣ್ಣ. ಕೆಲವು ಮಿಸೋ ಡಬ್ಬಿಗಳಲ್ಲಿ ದಾಶಿಯನ್ನು ಮೊದಲೇ ಬೆರೆಸಿರುತ್ತಾರೆ. ನಮ್ಮ ದೇಶದ ಪೊಟ್ಟಣಗಳ ಹಸಿರು ಚುಕ್ಕೆಯ ಬೆಲೆ ನನಗೆ ಗೊತ್ತಾದದ್ದು ಅದಿಲ್ಲದ ಊರಿನಲ್ಲಿ. ಹಾಲಿಗೂ ಹಸಿರು ಚುಕ್ಕೆ ಸಲ್ಲುವುದರಿಂದ ನನ್ನಂಥವರಿಗೆ ಅದರಿಂದ ಅರ್ಧ ಉಪಕಾರ ಮಾತ್ರ. ಅದಕ್ಕಾಗಿಯೇ 2022ರಲ್ಲಿ ನಮ್ಮಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಗಳಾದವು.

ಅಕ್ಷರ ಬಂದ ಮೇಲೆ ಊರಿನ ರೂಪವೇ ಬದಲಾಯಿತು. ನಿಶಿಕಿ ಎಂಬ ಪೇಟೆಬೀದಿಯಿದೆ. ಉದ್ದ 390 ಮೀಟರಿನಷ್ಟು, ಅಗಲ ಇಬ್ಬರು ಕೊಡೆ ಹಿಡಿದು ಎದುರುಬದುರು ಬಂದರೆ ಜಗಳವಾಗುವಷ್ಟು. ಮೀನಿನ ಅಂಗಡಿಗಳನ್ನು ದಾಟಿ ಮನೆಯೊಡತಿಯವರು ನನ್ನನ್ನು ತೋಫು ಮಾರುವ ಕಡೆಗೆ ಕರೆದೊಯ್ದರು. ತಣ್ಣೀರಿನಲ್ಲಿ ಮುಳುಗಿಸಿಟ್ಟ ಬಿಳಿಯ ಗಟ್ಟಿಗಳು. ನಾವು ಹಾಲಿಗೆ ನಿಂಬೆಹುಳಿ ಹಿಂಡಿ ಒಡೆಸುವಂತೆ, ಸೋಯಾ ಹಾಲಿಗೆ ಸಮುದ್ರದ ನೀರಿನಿಂದ ತೆಗೆದ 'ನಿಗಾರಿ' ಎಂಬ ಕಹಿ ಲವಣವನ್ನು ಬೆರೆಸಿ ಹೆಪ್ಪುಗಟ್ಟಿಸುತ್ತಾರೆ. ಬಟ್ಟೆಯಲ್ಲಿಟ್ಟು ನೀರು ಹಿಂಡಿದ್ದು 'ಹತ್ತಿ' ತೋಫು, ಹಿಂಡದ ನುಣುಪಾದದ್ದು 'ರೇಷ್ಮೆ' ತೋಫು. ಮಾಸ್ತರಿಕೆಯ ಲೆಕ್ಕದವನಾದ ನಾನು ಹತ್ತಿಯನ್ನೇ ಆರಿಸಿಕೊಂಡೆ: 100 ಗ್ರಾಮಿಗೆ ಸುಮಾರು 7 ಗ್ರಾಂ ಸಸಾರಜನಕ, ರೇಷ್ಮೆಗೆ 5ರ ಆಸುಪಾಸು. ದಿನಕ್ಕೆ 300 ಗ್ರಾಮಿನ ಒಂದು ಗಟ್ಟಿ, ಒಂದು ಲೋಟ ಸೋಯಾ ಹಾಲು, ಗೊಜ್ಜಿನ ಪೊಟ್ಟಣವನ್ನು ಬಿಸಾಡಿ ಉಪ್ಪು ಸಾಸಿವೆಯೊಡನೆ ನತ್ತೋ, ತಾಯಿಯವರ ಕಡಲೆಕಾಯಿ ಉಂಡೆ, ಎರಡು ಬಟ್ಟಲು ಅನ್ನ. ಐವತ್ತೊಂದು ಹೊಂದಿತು. ಅಕ್ಕಿಯಲ್ಲಿ ಕೊರತೆಯಿರುವ ಲೈಸೀನ್ ಎಂಬ ಅಂಶವು ಸೋಯಾದಲ್ಲಿ ಧಾರಾಳ. ಬಿಸಿಬೇಳೆ ಭಾತಿನಲ್ಲಿ ನಮ್ಮ ತೊಗರಿ ಅಕ್ಕಿಗೆ ಮಾಡುವ ಉಪಕಾರವೂ ಅದೇ.

ಅದೇ ಪೇಟೆಯಲ್ಲಿ 'ಯುಬಾ' ಕಂಡೆ. ಸೋಯಾ ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿದಾಗ ಮೇಲೆ ಕಟ್ಟುವ ಪೊರೆಯನ್ನು ಕಡ್ಡಿಯಿಂದ ಎತ್ತಿ ಒಣಹಾಕುತ್ತಾರೆ. ಕೆನೆ! ಬಾಲ್ಯದಲ್ಲಿ ತಾಯಿಯವರು ಹಾಲಿನ ಕೆನೆಗೆ ಸಕ್ಕರೆ ಉದುರಿಸಿ ನನ್ನ ಬಾಯಿಗಿಡುತ್ತಿದ್ದುದು ನೆನಪಾಗಿ, ಪೇಟೆಯ ನಡುವೆ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೀನಿಲ್ಲದ ಅಡಿಗೆ ಜಪಾನಿಗೆ ಹೊಸದೆಂದು ಯಾರೂ ಭಾವಿಸಬಾರದು. 675ರಲ್ಲಿ ತೆನ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿದ್ದನು. ಝೆನ್ ಮಠಗಳ ಅಡಿಗೆಗೆ 'ಶೋಜಿನ್ ರ‍್ಯೋರಿ' ಎಂದು ಹೆಸರು. ಶೋಜಿನ್ ಎಂಬುದು ಸಂಸ್ಕೃತದ 'ವೀರ್ಯ' ಶಬ್ದಕ್ಕೆ, ಅಂದರೆ ಸಾಧಕನ ಪ್ರಯತ್ನಕ್ಕೆ, ಚೀನದ ಬೌದ್ಧರು ಕೊಟ್ಟ ಅನುವಾದದ ಜಪಾನಿ ಉಚ್ಚಾರ. ಈ ಪಂಥದ ಹಿರಿಯನಾದ ದೋಗೆನ್ ಕ್ಯೋತೋದಲ್ಲೇ 1200ರಲ್ಲಿ ಹುಟ್ಟಿದವನು. 1223ರಲ್ಲಿ ಚೀನಕ್ಕೆ ಹೋದಾಗ, ಬಂದರಿನಲ್ಲಿ ನಿಂತಿದ್ದ ಹಡಗಿಗೆ ಅಣಬೆ ಕೊಳ್ಳಲು ಬಂದ ಮುದಿ ಮಠದಡಿಗೆಯವನನ್ನು, ಈ ರಾತ್ರಿ ಇಲ್ಲೇ ಇದ್ದು ಧರ್ಮದ ವಿಚಾರ ಮಾತಾಡೋಣವೆಂದು ತಡೆದನಂತೆ. ಮುದುಕ, ನಾಳೆಯ ಅಡಿಗೆ ಕೆಡುತ್ತದೆಂದು ಹೊರಟೇಬಿಟ್ಟ. ಅಡಿಗೆಗಿಂತ ಧ್ಯಾನ ದೊಡ್ಡದಲ್ಲವೇ ಎಂದು ಕೇಳಿದ ತರುಣ ದೋಗೆನ್, 1237ರಲ್ಲಿ ಮಠದ ಅಡಿಗೆಯವರಿಗಾಗಿಯೇ ಒಂದು ಗ್ರಂಥವನ್ನು ಬರೆದು ಆ ಮುದುಕನನ್ನು ಅದರಲ್ಲಿ ಸ್ಮರಿಸಿದನು.

ಹೊರಡುವ ಮೂರು ದಿನ ಮುಂಚೆ ಅರಾಶಿಯಾಮಾದ ತೆನ್ರ್ಯೂಜಿ ದೇವಾಲಯದಲ್ಲಿ ಆ ಊಟವನ್ನು ಉಂಡೆ. 1339ರಲ್ಲಿ ಸ್ಥಾಪಿತವಾದ ಮಠ. ಕೊಳದಾಚೆಯ ಬೆಟ್ಟವನ್ನೇ ತೋಟದ ಹಿತ್ತಿಲಾಗಿ ಮಾಡಿಕೊಂಡಿರುವ ಉದ್ಯಾನ. ಚಾಪೆಯ ಮೇಲೆ ಸಾಲಾಗಿ ಕುಳಿತ ನಮ್ಮ ಮುಂದೆ ಕೆಂಪು ಅರಗಿನ ಮೆರುಗಿನ ಬಟ್ಟಲುಗಳು ಬಂದವು. ಎಳ್ಳಿನ 'ತೋಫು', ಯುಬಾ, ಬೇಯಿಸಿದ ಗೆಡ್ಡೆಗಳು, ಉಪ್ಪಿನಕಾಯಿ, ಅನ್ನ, ಕಟ್ಟು. ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ; ನಮ್ಮ ಮಡಿಯಡಿಗೆಯೇ ಸರಿ. ಕಟ್ಟನ್ನು ಕುಡಿದಾಗ ಬೆಚ್ಚಿದೆ. ಮತ್ತೆ ಅದೇ ಗಾಢವಾದ ರುಚಿ! ಮನೆಯೊಡತಿಯವರು ಪಕ್ಕದಿಂದ ನಗುತ್ತ, "ಕೊಂಬು, ಶಿಟಾಕೆ" ಎಂದರು. ಕಡಲಪಾಚಿ ಮತ್ತು ಒಣ ಅಣಬೆ. 1908ರಲ್ಲಿ ಇಕೆದಾ ಎಂಬ ರಸಾಯನಶಾಸ್ತ್ರಜ್ಞರು ಈ ರುಚಿಯ ಮೂಲವನ್ನು ಕಂಡುಕೊಂಡದ್ದು ಮೀನಿನಲ್ಲಲ್ಲ, ಕೊಂಬು ಪಾಚಿಯಲ್ಲೇ. ನಾನು ಆ ಬಟ್ಟಲನ್ನು ತಳದವರೆಗೂ ಕುಡಿದೆ.

ಊರಿಗೆ ಬಂದ ದಿನ, ಸ್ನಾನಕ್ಕೂ ಮುಂಚೆ ತೂಕವಾಯಿತು. 60 ಕಿಲೋ 400 ಗ್ರಾಂ. ತಾಯಿಯವರು ಮುಳ್ಳನ್ನು ಬಗ್ಗಿ ನೋಡಿ, ವೈದ್ಯರಿಂದಲೂ ಓದಿಸಿ, ಸುಮ್ಮನಾದರು. ಗೆದ್ದವನು ಮುಚ್ಚುಮರೆ ಮಾಡಬಾರದೆಂದು, ಮಧ್ಯಾಹ್ನ ಊಟಕ್ಕೆ ಕುಳಿತಾಗ ಪೊಟ್ಟಣದ ಕಥೆಯನ್ನು ಮೊದಲಿನಿಂದ ಕಡೆಯವರೆಗೆ ಹೇಳಿದೆ. ಅವರು ಸೌಟನ್ನು ಹಿಡಿದೇ ಕೇಳಿದರು. ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಇನ್ನೇನೋ.

"ಒಂಬತ್ತು ದಿವಸ ಮೀನಿನ ರಸ ಒಳಕ್ಕೆ ಹೋಯ್ತು. ನನ್ನ ಮೊಸರು ಮಾತ್ರ ಏನಪ್ಪ ಪಾಪ ಮಾಡಿತ್ತು?"

ನನಗೆ ಉತ್ತರ ಹೊಳೆಯಲಿಲ್ಲ. ಅವರೂ ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಪಾತ್ರೆಯೊಂದನ್ನು ತಂದು ಎಲೆಗೆ ಬಗ್ಗಿಸಿದರು. ಹುರುಳಿಕಟ್ಟಿನ ಸಾರು, ಎಣ್ಣೆಯ ಒಗ್ಗರಣೆ. "ತುಪ್ಪ ಹಾಕಿಲ್ಲ, ಉಣ್ಣು" ಎಂದರು.