ನಂಟಿನ ಬಂಡವಾಳ

ತಿಂಗಳ ಕೊನೆಯ ವಾರದ ಮಹಿಮೆಯನ್ನು ನಿಜವಾಗಿ ಬಲ್ಲವರು ಮಧ್ಯಮವರ್ಗದ ಗೃಹಿಣಿಯರು. ಡಬ್ಬಿಯ ತಳದ ಬೇಳೆಯೂ ಪರ್ಸಿನ ತಳದ ಚಿಲ್ಲರೆಯೂ ಒಂದನೆಯ ತಾರೀಖಿನವರೆಗೆ ಬರುವಂತೆ ಸಂಸಾರವನ್ನು ತೂಗಿಸುವುದು ಸಾಮಾನ್ಯ ವಿದ್ಯೆಯಲ್ಲ. ಅಂಥ ಒಂದು ವಾರದಲ್ಲಿ ಪರಿಚಯದವರೊಬ್ಬರು ಮನೆಗೆ ಬಂದು, ಕಾಫಿ ಕುಡಿದು, ಲೋಟವನ್ನು ಕೆಳಗಿಟ್ಟು, "ಮನೇಲೇ ಇದ್ಕೊಂಡು ತಿಂಗಳಿಗೆ ಹತ್ತು ಹದಿನೈದು ಸಾವಿರ ಸಂಪಾದಿಸೋ ದಾರಿ ಒಂದಿದೆ, ಹೇಳ್ಲಾ?" ಎಂದು ಕೇಳಿದರೆ, ಬೇಡವೆನ್ನುವ ಶಕ್ತಿ ಯಾರಿಗಿದ್ದೀತು? ನೆಟ್‌ವರ್ಕ್ ಮಾರ್ಕೆಟಿಂಗ್ ಎಂಬ ವ್ಯಾಪಾರವು ಸಣ್ಣ ಊರುಗಳ ನಡುಮನೆಯನ್ನು ಪ್ರವೇಶಿಸುವುದು ಹೆಚ್ಚಾಗಿ ಈ ಬಾಗಿಲಿನಿಂದ. ನಂಜನಗೂಡು, ತಿರುಮಕೂಡಲು ನರಸೀಪುರಗಳಂಥ ತಾಲ್ಲೂಕು ಪಟ್ಟಣಗಳಲ್ಲಿ ಜನ ಇದನ್ನು ಚುಟುಕಾಗಿ 'ಚೈನ್ ಬಿಸಿನೆಸ್' ಎನ್ನುವುದುಂಟು. ಸರಪಳಿ ಎಂಬ ಮಾತಿನಲ್ಲಿ ಬೆಸುಗೆಯ ಅರ್ಥವೂ ಇದೆ, ಬಂಧನದ ಅರ್ಥವೂ ಇದೆ.

ವ್ಯಾಪಾರದ ರೀತಿಯನ್ನು ತಿಳಿಯುವುದು ಕಷ್ಟವಲ್ಲ. ಕಂಪನಿಯು ಸಾಬೂನು, ಪಾತ್ರೆ ತೊಳೆಯುವ ದ್ರವ, ಪ್ರೋಟೀನ್ ಪುಡಿ, ಮುಖದ ಕ್ರೀಮು ಮೊದಲಾದ ಪದಾರ್ಥಗಳನ್ನು ಅಂಗಡಿಯ ಮೂಲಕ ಮಾರುವ ಬದಲು ಸದಸ್ಯರ ಮೂಲಕ ಮನೆಯಿಂದ ಮನೆಗೆ ಮಾರಿಸುತ್ತದೆ. ಸದಸ್ಯರಾದವರಿಗೆ ಎರಡು ಬಗೆಯ ಆದಾಯ. ಕಡಿಮೆ ಬೆಲೆಗೆ ಕೊಂಡದ್ದನ್ನು ಮುದ್ರಿತ ಬೆಲೆಗೆ ಮಾರಿದಾಗ ಸಿಗುವ ಲಾಭ ಒಂದು. ತಾವು ಸೇರಿಸಿದವರು, ಅವರು ಸೇರಿಸಿದವರು, ಹೀಗೆ ಕೆಳಗಿನ ಸಾಲಿನವರೆಲ್ಲ ಮಾಡುವ ಖರೀದಿಯ ಮೇಲೆ ಬರುವ ಪಾಲು ಇನ್ನೊಂದು. ಅಮೆರಿಕದಲ್ಲಿ 1959ರಲ್ಲಿ ಹುಟ್ಟಿದ ಆಮ್ವೇ ಕಂಪನಿ 1998ರಲ್ಲಿ ಭಾರತದಲ್ಲಿ ವ್ಯಾಪಾರವನ್ನು ಆರಂಭಿಸಿದ ಮೇಲೆ ಈ ಪದ್ಧತಿ ಇಲ್ಲಿನ ಸಂಸಾರಸ್ಥರಿಗೆ ಚೆನ್ನಾಗಿ ಪರಿಚಯವಾಯಿತು. ನೆಂಟರ ಮನೆಯನ್ನೇ ಮಾರುಕಟ್ಟೆಯಾಗಿ ಕಂಡವರು ಅದಕ್ಕೂ ಮೊದಲು ಇರಲಿಲ್ಲವೆಂದಲ್ಲ. 1956ರಲ್ಲಿ ಜೀವವಿಮಾ ನಿಗಮ ಸ್ಥಾಪನೆಯಾದಂದಿನಿಂದ ಮದುವೆಮನೆಗಳಲ್ಲಿ ವಿಮಾ ಏಜೆಂಟರ ಪಕ್ಕದ ಕುರ್ಚಿ ಬೇಗ ತುಂಬುತ್ತಿರಲಿಲ್ಲ. ಆದರೆ ಏಜೆಂಟರು ಭಾವಮೈದುನನಿಗೆ ಪಾಲಿಸಿ ಮಾರಿ ಸುಮ್ಮನಾಗುತ್ತಿದ್ದರು. ನೀನೂ ಏಜೆಂಟನಾಗು, ಇನ್ನಾರು ಮಂದಿಯನ್ನು ಕರೆತಾ ಎಂದು ಬೆನ್ನು ಹತ್ತುತ್ತಿರಲಿಲ್ಲ.

ಈ ವ್ಯಾಪಾರವನ್ನು ಹಳಿಯುವುದಕ್ಕೆ ಮುನ್ನ ಇದರ ಫಲವನ್ನು ನ್ಯಾಯವಾಗಿ ಎಣಿಸಬೇಕು. ನಂಜನಗೂಡಿನಲ್ಲಿ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಯಜಮಾನರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಬೆಳಿಗ್ಗೆಯೇ ಹೊರಡುತ್ತಾರೆ; ಮಕ್ಕಳು ಶಾಲೆಗೆ ಹೋಗುತ್ತಾರೆ. ಹನ್ನೊಂದರಿಂದ ಮೂರರವರೆಗೆ ಗೃಹಿಣಿಗೆ ಬಿಡುವು. ಹೊರಗಿನ ಕೆಲಸಕ್ಕೆ ಹೋಗೋಣವೆಂದರೆ ಮನೆಯಲ್ಲಿ ವಯಸ್ಸಾದ ಅತ್ತೆ. ಇಂಥವಳಿಗೆ ತನ್ನ ಹೊತ್ತಿಗೆ ಹೊಂದುವ ದುಡಿಮೆ ದೊರೆತರೆ ಅದು ಸಣ್ಣ ಸಂಗತಿಯಲ್ಲ. ಗಂಡನ ಸಂಬಳದಿಂದ ಉಳಿಸಿದ ನೂರಕ್ಕೂ ತಾನೇ ಗಳಿಸಿದ ನೂರಕ್ಕೂ ಇರುವ ಅಂತರವನ್ನು ಅವಳೇ ಬಲ್ಲಳು. ಹತ್ತು ಮಂದಿಯ ಎದುರು ನಿಂತು ಮಾತನಾಡಲು ಅಂಜುತ್ತಿದ್ದವಳು ಪದಾರ್ಥದ ಗುಣವನ್ನು ವಿವರಿಸಲು ಕಲಿಯುತ್ತಾಳೆ. ಲೆಕ್ಕದ ಪುಸ್ತಕ ಬರೆಯುತ್ತಾಳೆ. ಒಬ್ಬಳೇ ಮೈಸೂರಿನ ಮೀಟಿಂಗಿಗೆ ಹೋಗಿಬರುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾಗಿ, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣ ಉಳಿದ ಮೇಲೆ ಈ ಓಡಾಟ ಇನ್ನೂ ಸುಲಭವಾಯಿತು. ದುಡ್ಡು ಬಾರದಿದ್ದರೂ ಧೈರ್ಯ ಬಂತೆಂದು ಹೇಳುವವರಿದ್ದಾರೆ. ಆ ಮಾತನ್ನು ಸುಳ್ಳೆನ್ನಲಾಗದು.

ಆದರೆ ಧೈರ್ಯವನ್ನು ಜಮಾ ಕಡೆಗೆ ಬರೆದವರು ಖರ್ಚಿನ ಕಡೆಯನ್ನೂ ನೋಡಬೇಕಷ್ಟೆ. ಉದಾಹರಣೆಗೆ ಒಂದು ತಿಂಗಳ ಲೆಕ್ಕ. ಆಕೆ 4,000 ರೂಪಾಯಿ ಕೊಟ್ಟು, ಮುದ್ರಿತ ಬೆಲೆಯಲ್ಲಿ 5,000 ರೂಪಾಯಿಗಾಗುವ ಪದಾರ್ಥಗಳನ್ನು ತರಿಸಿದಳೆನ್ನಿ. ಅರ್ಧ ಮಾರಾಟವಾಯಿತು, 2,500 ರೂಪಾಯಿ ಬರಬೇಕು. ಅದರಲ್ಲಿ 500 ರೂಪಾಯಿ ಎದುರುಮನೆಯವರ ಸಾಲ. ಫೋನಿನ ರೀಚಾರ್ಜ್, ಮನೆಗೆ ಬಂದವರ ಕಾಫಿ ತಿಂಡಿ, ಮೀಟಿಂಗಿನ ಖರ್ಚು ಎಲ್ಲ ಸೇರಿ 400. ತಿಂಗಳ ಕೊನೆಗೆ ಅವಳ ಕೈಯಿಂದ 2,400 ರೂಪಾಯಿ ನಗದು ಹೋಗಿರುತ್ತದೆ. ಅದಕ್ಕೆ ಬದಲಾಗಿ ಬೀರುವಿನಲ್ಲಿ 2,000 ರೂಪಾಯಿ ಕೊಟ್ಟು ತಂದ ಸಾಮಾನೂ, ಎದುರುಮನೆಯಲ್ಲಿ 500 ರೂಪಾಯಿಯೂ ಕುಳಿತಿರುತ್ತವೆ. ನಿಜವಾದ ಲಾಭ 100 ರೂಪಾಯಿ. ಅದು ಕೈಸೇರುವುದೂ ಉಳಿದ ಸಾಮಾನು ಹೋಗಿ, ಎದುರುಮನೆಯವರ ಸಾಲ ತೀರಿದ ಮೇಲೆ. ಅಷ್ಟರಲ್ಲಿ ಈ ತಿಂಗಳ ಪಾಯಿಂಟು ತಪ್ಪಬಾರದೆಂದು ಮುಂದಿನ ಆರ್ಡರು ಹೊರಟಿರುತ್ತದೆ. ಮಾರಾಟವಾಗದ ದುಬಾರಿ ಸಾಬೂನಿನಿಂದ ಮನೆಯವರೆಲ್ಲ ಮೈ ತೊಳೆದುಕೊಳ್ಳುತ್ತಾರೆ. ಅದನ್ನು ಆದಾಯವೆಂದು ಬರೆಯಬೇಕೋ ವೆಚ್ಚವೆಂದು ಬರೆಯಬೇಕೋ ಎಂಬುದಕ್ಕೆ ಲೆಕ್ಕದ ಪುಸ್ತಕದಲ್ಲಿ ಕಲಮು ಇರುವುದಿಲ್ಲ.

ಆ ಪುಸ್ತಕದಲ್ಲಿ ಎಂದೂ ಕಾಣಿಸಿಕೊಳ್ಳದ ಬಂಡವಾಳ ಇನ್ನೊಂದುಂಟು. ಅದು ನಂಟು. ಕಪಿಲೆ ನಂಜನಗೂಡಿನ ಸ್ನಾನಘಟ್ಟವನ್ನು ದಾಟಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ದಡದ ಊರುಗಳ ನಡುವೆ ಹೆಣ್ಣು ಕೊಡುವ, ತರುವ ಸಂಬಂಧಗಳಿಗೂ ಕೊರತೆಯಿಲ್ಲ. ನಂಜನಗೂಡಿನ ಆ ಗೃಹಿಣಿಯ ನಾದಿನಿ ನರಸೀಪುರದ ಸೊಸೆಯೆಂದುಕೊಳ್ಳಿ. ಗೌರಿಹಬ್ಬ ಬರುತ್ತದೆ, ತವರಿನ ಬಾಗಿನ ಹೊತ್ತು ಅತ್ತಿಗೆ ಬರುತ್ತಾಳೆ. ಚೀಲದಿಂದ ಮೊರ ಹೊರಬರುತ್ತದೆ. ಅರಿಸಿನ, ಕುಂಕುಮ, ಬಳೆ, ರವಿಕೆ ಕಣ. ಅದರ ಹಿಂದೆಯೇ ಕಂಪನಿಯ ಕ್ಯಾಟಲಾಗು.

"ಏನತ್ತಿಗೆ, ಇದೂ ಬಾಗಿನದ ಜೊತೇಲೇ ಬಂತಾ?" ಎಂದು ನಾದಿನಿ ನಗುತ್ತಾಳೆ.

"ಒಂದ್ಸಲ ಉಪಯೋಗಿಸಿ ನೋಡಮ್ಮ. ನೀನೂ ಸೇರ್ಕೊಂಡ್ರೆ ನಿನಗೂ ನಾಲ್ಕು ಕಾಸು ಆಗುತ್ತೆ."

ನಾದಿನಿ ಮೊದಲ ಸಲ ಪ್ರೀತಿಯಿಂದ ಕೊಳ್ಳುತ್ತಾಳೆ, ಎರಡನೆಯ ಸಲ ದಾಕ್ಷಿಣ್ಯಕ್ಕೆ. ಮೂರನೆಯ ಸಲ ಫೋನು ಬಡಿದುಕೊಳ್ಳುತ್ತಲೇ ಇರುತ್ತದೆ. ಜಗಳವಾಡುವ ಮನಸ್ಸು ಇಬ್ಬರಿಗೂ ಇಲ್ಲ. ಆದುದರಿಂದಲೇ ಈ ಬಿರುಕನ್ನು ತುಂಬುವುದು ಕಷ್ಟ. ದೊಡ್ಡ ಜಾತ್ರೆಗೆ ಬನ್ನಿ, ತೇರು ನೋಡಿಕೊಂಡು ಎರಡು ದಿನ ಇದ್ದು ಹೋಗಿ ಎಂದು ಅತ್ತಿಗೆ ಮನಸ್ಸಾರೆ ಕರೆದರೂ ನಾದಿನಿಗೆ ಬೀರುವಿನ ಸಾಮಾನು ನೆನಪಾಗುತ್ತದೆ. ಅತ್ತ ಅತ್ತಿಗೆಯ ಕಷ್ಟವೂ ಕಡಿಮೆಯದಲ್ಲ. ಸುಮ್ಮನೆ ನೋಡಿಹೋಗಲು ಬಂದೆನೆಂದು ಹೇಳಿದರೆ ನಂಬುವವರಿಲ್ಲ. ದೊಡ್ಡ ನಗರದಲ್ಲಾದರೆ ಮುಖ ತಪ್ಪಿಸಿ ನಡೆಯಬಹುದು. ತಾಲ್ಲೂಕು ಪಟ್ಟಣದಲ್ಲಿ ಅದೇ ಬಸ್ ಸ್ಟ್ಯಾಂಡು, ಅದೇ ತರಕಾರಿ ಮಾರ್ಕೆಟ್ಟು, ಅದೇ ಶ್ರೀಕಂಠೇಶ್ವರನ ಗುಡಿಯ ಪ್ರದಕ್ಷಿಣೆ. ಅಂಗಡಿಯವನು ರಾತ್ರಿ ಬಾಗಿಲೆಳೆದರೆ ಅಂದಿನ ವ್ಯಾಪಾರ ಮುಗಿಯಿತು. ಮನೆಯನ್ನೇ ಅಂಗಡಿ ಮಾಡಿಕೊಂಡವರಿಗೆ ಎಳೆಯಲು ಬೇರೆ ಬಾಗಿಲಿಲ್ಲ.

ಇಷ್ಟಾದರೂ ಜನರನ್ನು ಸೇರಿಸುವ ಒತ್ತಾಯ ನಿಲ್ಲುವುದಿಲ್ಲ. ದೊಡ್ಡ ಆದಾಯದ ಆಸೆಯೆಲ್ಲ ಆ ಎರಡನೆಯ ಬಗೆಯದರಲ್ಲಿಯೇ ಇರುವುದು. ಒಬ್ಬಳು ಆರು ಮಂದಿಯನ್ನು ಸೇರಿಸಬೇಕು, ಆ ಆರು ಮಂದಿ ತಲಾ ಆರು ಮಂದಿಯನ್ನು. ವೇದಿಕೆಯ ಮೇಲಿನ ಬೋರ್ಡಿನಲ್ಲಿ ಇದು ಚೆಂದದ ಚಿತ್ರ. ಅದನ್ನು ಹಾಳೆಯ ಮೇಲೆ ಮುಂದುವರಿಸಿದರೆ ಸಾಲುಗಳು ಹೀಗಾಗುತ್ತವೆ: 1, 6, 36, 216, 1,296, 7,776, 46,656. ಒಟ್ಟು 55,987. 2011ರ ಜನಗಣತಿಯಲ್ಲಿ ನಂಜನಗೂಡು ಪಟ್ಟಣದ ಜನಸಂಖ್ಯೆಯೇ ಸುಮಾರು 50,000. ಎಂದರೆ ಏಳನೆಯ ಸಾಲು ತುಂಬಬೇಕಾದರೆ ತೊಟ್ಟಿಲ ಕೂಸಿನಿಂದ ಊರುಗೋಲಿನ ಮುದುಕರವರೆಗೆ ಊರೆಲ್ಲ ಸದಸ್ಯರಾದರೂ ಸಾಲದು. ಅದಕ್ಕಿಂತಲೂ ಗಮನಿಸತಕ್ಕ ವಿಷಯವಿದೆ. ಆ 55,987ರಲ್ಲಿ 46,656 ಮಂದಿ ಕೊನೆಯ ಸಾಲಿನವರು, ಆರರಲ್ಲಿ ಐವರು. ಅವರ ಕೆಳಗೆ ಯಾರೂ ಇಲ್ಲ. ಸರಪಳಿ ಎಷ್ಟೇ ಬೆಳೆಯಲಿ, ಎಲ್ಲಿಯೇ ನಿಲ್ಲಲಿ, ಈ ಪ್ರಮಾಣ ಹೆಚ್ಚು ಕಡಿಮೆ ಹೀಗೆಯೇ ಉಳಿಯುತ್ತದೆ. ಶ್ರದ್ಧೆ ಸಾಲದೆ ಸೋತೆನೆಂದು ಅಳುವ ಎಷ್ಟೋ ಮಂದಿಯನ್ನು ಸೋಲಿಸಿದ್ದು ಗುಣಾಕಾರ.

ಕಾನೂನಿಗೂ ಇದರ ಅರಿವಿದೆ. ಪದಾರ್ಥದ ಹೆಸರಿಗೆ ಮಾತ್ರ ವ್ಯಾಪಾರ, ನಡೆಯುವುದೆಲ್ಲ ಸದಸ್ಯರ ಸೇರ್ಪಡೆಯ ಹಣದ ಚಲಾವಣೆ ಎಂಬಂಥ ಯೋಜನೆಗಳನ್ನು ಹಣ ಚಲಾವಣೆ ಯೋಜನೆಗಳ ನಿಷೇಧದ 1978ರ ಅಧಿನಿಯಮ ತಡೆಯುತ್ತದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನೇರ ಮಾರಾಟದ ನಿಯಮಗಳು ಪಿರಮಿಡ್ ಯೋಜನೆಗಳನ್ನು ಸ್ಪಷ್ಟವಾಗಿ ನಿಷೇಧಿಸಿದವು. ಗುರುತಿನ ಚೀಟಿಯಿಲ್ಲದೆ, ಮುಂಚಿತವಾಗಿ ಒಪ್ಪಿಗೆ ಪಡೆಯದೆ ಮಾರಾಟಗಾರರು ಗ್ರಾಹಕರ ಮನೆಗೆ ಹೋಗಕೂಡದೆಂಬುದೂ ಅವುಗಳಲ್ಲಿ ಒಂದು. ನಾದಿನಿಯ ಮನೆಗೆ ಗುರುತಿನ ಚೀಟಿ ಧರಿಸಿ ಹೋಗುವ ಅತ್ತಿಗೆ ಎಲ್ಲಿಯಾದರೂ ಇದ್ದಾಳೆಯೆ ಎಂದು ನಗಬಹುದು. ಆದರೆ ನಿಯಮದ ಆಶಯ ನಗತಕ್ಕದ್ದಲ್ಲ. ಬಂದವರು ಬಂಧುವಾಗಿ ಬಂದರೋ ವ್ಯಾಪಾರಿಯಾಗಿ ಬಂದರೋ ಎಂಬುದು ಹೊಸ್ತಿಲಲ್ಲಿಯೇ ತಿಳಿಯಬೇಕೆಂಬುದಲ್ಲವೆ ಅದರ ಅರ್ಥ? ಈ ಪುಡಿ ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಪ್ರಚಾರ ಮಾಡುವುದಂತೂ 1954ರ ಕಾನೂನಿನ ಪ್ರಕಾರವೇ ಅಪರಾಧ.

ನಂಜನಗೂಡಿನವರು ವ್ಯಾಪಾರದ ಮರ್ಮವನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಆಯುರ್ವೇದ ವೈದ್ಯರಾದ ಬಿ. ವಿ. ಪಂಡಿತರು 1913ರಲ್ಲಿ ಅಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಭತ್ತದ ಹೊಟ್ಟಿನಿಂದ ತಯಾರಾದ ಅವರ ನಸುಗೆಂಪು ಹಲ್ಲುಪುಡಿ 'ನಂಜನಗೂಡು ಹಲ್ಲುಪುಡಿ' ಎಂದೇ ನಾಡಿನ ಬಚ್ಚಲುಮನೆಗಳನ್ನು ಸೇರಿತು. ಅದನ್ನು ಕೊಂಡವರು ಇನ್ನಾರು ಮಂದಿಯನ್ನು ಕರೆತರಬೇಕಾಗಿರಲಿಲ್ಲ. ಹಲ್ಲು ಉಜ್ಜಿದರು, ಹಿಡಿಸಿತು, ಪೊಟ್ಟಣ ಮುಗಿದಾಗ ಮತ್ತೆ ಕೊಂಡರು.

ಮನೆಯಲ್ಲಿದ್ದು ವ್ಯಾಪಾರ ಮಾಡಬಯಸುವವರು ಈ ಪೊಟ್ಟಣದಿಂದ ತಮ್ಮ ಸರಕನ್ನು ಅಳೆದುಕೊಳ್ಳಬಹುದು. ನಂಟಿಲ್ಲದವರು, ಪಕ್ಕದ ಬೀದಿಯ ಅಪರಿಚಿತರು, ಇದೇ ಬೆಲೆಗೆ ಇದನ್ನು ಎರಡನೆಯ ಸಲ ಕೊಳ್ಳುವರೆ? ಯಾರನ್ನೂ ಸೇರಿಸದೆ ಬರೀ ಮಾರಾಟದಿಂದಲೇ ಕಾಫಿಯ ಖರ್ಚು ಕಳೆದು ನಾಲ್ಕು ಕಾಸು ಉಳಿಯುವುದೆ? ಮಾರದೆ ಉಳಿದ ಸಾಮಾನನ್ನು ಕಂಪನಿ ಹಿಂದಕ್ಕೆ ತೆಗೆದುಕೊಳ್ಳುವುದೆಂಬ ಮಾತು ಕಾಗದದ ಮೇಲಿದೆಯೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಧೈರ್ಯವಾಗಿ ನಡೆಸಲಿ; ಸ್ವಂತ ದುಡಿಮೆಗಿಂತ ಗೌರವದ ಆಭರಣ ಬೇರೊಂದಿಲ್ಲ. ಒಂದಕ್ಕಾದರೂ ಇಲ್ಲವೆಂದು ಬಂದರೆ ಆ ಕೊರತೆಯನ್ನು ತುಂಬುವವರು ನೆಂಟರೇ ಎಂದು ತಿಳಿಯಬೇಕು. ಹೋದ ದುಡ್ಡನ್ನು ಇನ್ನೊಂದು ವರ್ಷ ದುಡಿದು ತರಬಹುದು. ಕ್ಯಾಟಲಾಗನ್ನು ಮನೆಯಲ್ಲಿಯೇ ಬಿಟ್ಟು, ಮೊರ ಮಾತ್ರ ಹಿಡಿದು ಹೋದರೂ ನಾದಿನಿ ಚೀಲದ ಕಡೆಗೇ ನೋಡುವಂತಾದರೆ, ಆ ನೋಟವನ್ನು ಮೊದಲಿನಂತಾಗಿಸಲು ಎಷ್ಟು ಗೌರಿಹಬ್ಬಗಳು ಬೇಕಾದಾವು?